ನೆಗೆಣ್ಣಿಯ ನರಿ

ನಮ್ಮ ಜಗಳೂರು ಕಡೆ ಸತ್ತ ಕುರಿಯನ್ನು ಯಾರೂ ಹೂಳುವುದಿಲ್ಲ. ಕಾಲು ಹಿಡಿದು ಹಳ್ಳಕ್ಕೆ ಎಳೆದರೆ ಆಯಿತು, ಉಳಿದದ್ದನ್ನು ನಾಯಿ ನರಿ ನೋಡಿಕೊಳ್ಳುತ್ತವೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹಳ್ಳದ ತನಕವೂ ಹೋಗುವವಳಲ್ಲ. ಹಿತ್ತಿಲ ಬದುವಿನ ಮೇಲೇ ಹಾಕುತ್ತಿದ್ದಳು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ನರಿ ಮುಖ ಕಂಡರೆ ಒಳ್ಳೆಯದಾಗುತ್ತದಂತೆ. ಅವಳ ಮಗಳಿಗೆ ಗಂಡು ಗೊತ್ತಾದದ್ದೂ ಆ ನರಿಯಿಂದಲೇ ಅಂತೆ. ಆ ನರಿಯೋ, ಬಾಲದ ಕೂದಲು ಉದುರಿ ಪಕ್ಕೆಲುಬು ಬಿಟ್ಟುಕೊಂಡಿತ್ತು. ತನ್ನ ಹೊಟ್ಟೆಯನ್ನೇ ನೆಟ್ಟಗೆ ಇಟ್ಟುಕೊಳ್ಳಲಾರದ್ದು ಇವಳಿಗೇನು ಅದೃಷ್ಟ ತರುತ್ತದೆ?

ಬದುವಿನ ಆಚೆ ನನ್ನ ಕುರಿ ಮೇಯುವ ಹುಲ್ಲು. ಹೋದ ಮಳೆಗಾಲ ಮುಗಿದ ಮೇಲೆ ಒಂದು ಕುರಿ ಕತ್ತು ವಾರೆ ಮಾಡಿಕೊಂಡು ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತತೊಡಗಿತು. ಯಾರೋ ಕಲ್ಲು ಹೊಡೆದಿದ್ದಾರೆ ಎಂದು ಕೇರಿಯನ್ನೆಲ್ಲ ಬೈದೆ. ಅದು ಸತ್ತಿತು. ಹಿಂದೆಯೇ ಇನ್ನೊಂದು ಸುತ್ತಿತು. ನನ್ನ ಬದುಕು ಇರುವುದೇ ಈ ಕುರಿಗಳಲ್ಲಿ. ದನದ ಡಾಕ್ಟರನ್ನು ಕರೆಸಿದೆ. ಅವರು ಬರುವಷ್ಟರಲ್ಲಿ ಅದೂ ಸತ್ತಿತ್ತು. ಬುರುಡೆ ಒಡೆಸಿದರು. ಮಿದುಳಿನಲ್ಲಿ ನಿಂಬೆಹಣ್ಣಿನಷ್ಟು ನೀರಿನ ಗುಳ್ಳೆ, ಅದರೊಳಗೆ ಅಕ್ಕಿ ನುಚ್ಚಿನಂಥ ಬಿಳಿ ಚುಕ್ಕೆಗಳು.

“ಇದು ಲಾಡಿಹುಳದ ಮರಿ. ದೊಡ್ಡ ಹುಳ ನಾಯಿ, ನರಿ ಹೊಟ್ಟೆಯಾಗೆ ಇರ್ತೈತೆ. ಅವು ಹೇತ ಕಡೆ ಹುಲ್ಲಿಗೆ ಮೊಟ್ಟೆ ಬೀಳ್ತಾವೆ, ಕುರಿ ತಿಂತೈತೆ. ಈ ತಲೆ ನರಿ ತಿಂದ್ರೆ ಅದ್ರ ಹೊಟ್ಟೆಯಾಗೆ ಮತ್ತೆ ಹುಳ,” ಎಂದರು.

“ನಾಯಿಗೆ ಗುಳಿಗೆ ಹಾಕ್ತೀನ್ರಿ. ನರಿಗೆ ಯಾರು ಹಾಕ್ತಾರೆ?”

“ಯಾರೂ ಇಲ್ಲಮ್ಮ. ಸತ್ತ ಕುರಿ ಅದ್ರ ಬಾಯಿಗೆ ಸಿಗದಂಗೆ ನೋಡ್ಕಳ್ರಿ.”

ನೆಗೆಣ್ಣಿ ಬದುವಿನ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಳು.

“ಮಗಳ ಮದ್ವಿ ಮುಗಿಯೋ ತನಕ ನರಿ ತಂಟೆಗೆ ಬರಬ್ಯಾಡಕ್ಕ. ನಿಂಗೆ ಹೊಟ್ಟೆಕಿಚ್ಚು.”

“ಅದ್ರ ಮುಖ ನೋಡ್ಕ, ಬೇಕಾದ್ರೆ ಮುತ್ತು ಕೊಡು. ಅದ್ರ ಹಿಂದ್ಲದ್ದು ನನ್ನ ಕುರಿ ತಿಂತಾವೆ.”

“ನರಿಗೆ ಹೇಳಿದ್ರೆ ಕೇಳ್ತೈತಾ?”

“ಕೇಳಲ್ಲ. ಅದ್ಕೇ ನಿಂಗೆ ಹೇಳ್ತಿರೋದು.”

ಗುಂಡಿ ತೆಗೆದು, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಒಟ್ಟಿ, ನನ್ನ ಕುರಿಗೆ ಬೆಂಕಿ ಇಟ್ಟೆ. ಬದುವಿನ ಮೇಲೆ ಅವಳ ಸತ್ತ ಕುರಿಯೂ ಬಿದ್ದಿತ್ತು. ಅದರ ಹಿಂಗಾಲು ಹಿಡಿದು ಎಳೆದೆ. ಅವಳು ಮುಂಗಾಲು ಹಿಡಿದಳು. ನಾತಕ್ಕೆ ಮೂಗು ಮುಚ್ಚಿಕೊಳ್ಳಲು ಒಂದು ಕೈ ಬಿಟ್ಟವಳು ಅವಳೇ, ಕುರಿ ನನ್ನ ಕಡೆಗೆ ಬಂತು. ಅದನ್ನೂ ಸುಟ್ಟೆ. ಅವಳು ನನ್ನ ಮೇಲೆ ಮಣ್ಣು ತೂರಿ ಶಾಪ ಹಾಕಿದಳು. ಹಾಕಲಿ.

ಮದುವೆಗೆ ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ. ನಾನು ಊಟಕ್ಕೆ ಕೂತರೆ ಬದು ಕಾಯುವವರು ಯಾರು?