ಫುಮಿಕೋ ಬೆಲ್ಟು

ಫುಮಿಕೋ ಸುಳ್ಳು ಹೇಳಿರಲಿಲ್ಲ, ರೋಹಿಣಿ. ಆ ಬೆಲ್ಟು ನಿಜವಾಗಿಯೂ ಅವಳದಾಗಿತ್ತು. ಅವಳು ಅದನ್ನು ಗೆದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ — ನೋಡಿಯೂ ನಿನ್ನಿಂದ ಮುಚ್ಚಿಟ್ಟೆ. ಯಾಕೆ ಅಂದರೆ, ಹೊಟ್ಟೆಕಿಚ್ಚು. ಇಷ್ಟು ವರ್ಷ ಇದಕ್ಕೆ ಬೇರೆ ಏನಾದರೂ ಮರ್ಯಾದೆಯ ಹೆಸರು ಸಿಕ್ಕೀತೇ ಎಂದು ಹುಡುಕಿದೆ. ತಾಯಿಯ ಆತಂಕ ಅಂದುಕೊಂಡೆ, ಮಗಳ ಒಳ್ಳೆಯದಕ್ಕೆ ಅಂದುಕೊಂಡೆ — ಥೂ, ಎಲ್ಲ ಬೊಗಳೆ. ಹೊಟ್ಟೆಕಿಚ್ಚು, ಅಷ್ಟೇ.

ಎಂಬತ್ತರ ದಶಕದ ನಡುವಿನ ಮಾತು. ಕ್ಯಾಂಪ್‌ಬೆಲ್‌ನ ಆ ಹಳೆಯ ಅಪಾರ್ಟ್‌ಮೆಂಟು ನಿನಗೆ ನೆನಪಿರಬೇಕು. ನಿಮ್ಮಪ್ಪನ ಆಫೀಸು ಹತ್ತಿರವಿದ್ದರೂ ಅವರು ಮನೆಗೆ ಬರುತ್ತಿದ್ದದ್ದು ನನಗಿಂತ ತಡವಾಗಿ. ನನ್ನ ಲ್ಯಾಬು ದೂರದ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಫ್ರೀವೇಯಲ್ಲಿ ಒದ್ದಾಡಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಹಾಗಾಗಿ ಸ್ಕೂಲು ಬಿಟ್ಟ ಮೇಲೆ ನಿನ್ನನ್ನು ನೋಡಿಕೊಳ್ಳಲು ಕೆಳಗಿನ ಮನೆಯ ಫುಮಿಕೋಳನ್ನು ಗೊತ್ತು ಮಾಡಿದೆವು. ಅಮೆರಿಕನ್ ಗಂಡನ ಜೊತೆ ಜಪಾನಿನಿಂದ ಬಂದವಳು. ಅವನು ಬಿಟ್ಟುಹೋಗಿದ್ದ. ಮೂವತ್ತೂ ತುಂಬಿರಲಿಲ್ಲ. ಅಗಲ ಭುಜ, ಮುದುಡಿದ ಒಂದು ಕಿವಿ, ಮಾತು ಕಡಿಮೆ. ಅವಳನ್ನು ಹುಡುಕಿ ತಂದವಳೇ ನಾನು, ನೋಡು. ಯಾರ ಮೇಲೆ ಸಿಟ್ಟು ಮಾಡಲಿ?

ಅವಳು ಒಂದು ಕಾಲಕ್ಕೆ ಕುಸ್ತಿ ಆಡುತ್ತಿದ್ದಳು. ಜಪಾನಿನಲ್ಲಿ ಆಗ ಹೆಣ್ಣುಮಕ್ಕಳ ಕುಸ್ತಿಗೆ ಎಂಥ ಮರುಳು ಅಂದರೆ, ಟೀವಿಯಲ್ಲಿ ತೋರಿಸುತ್ತಿದ್ದರು, ಸ್ಕೂಲಿನ ಹುಡುಗಿಯರು ಗುಂಪುಗಟ್ಟಿ ಬಂದು ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ಅಲ್ಲಿ ಒಂದು ದೊಡ್ಡ ಬೆಲ್ಟು — ಚಾಂಪಿಯನ್‌ಗಿರಿಯ ಗುರುತು. ಮೊದಲು ಅಮೆರಿಕದವಳೊಬ್ಬಳ ಬಳಿ ಇದ್ದು, ಆಮೇಲೆ ಜಪಾನಿನ ಹುಡುಗಿಯರ ಕೈಗೆ ಬಂದದ್ದಂತೆ. ಗೆದ್ದವರನ್ನು ಅವರು ಬರೀ ಚಾಂಪಿಯನ್ ಅನ್ನುವುದಿಲ್ಲ. ಮೂರನೇ ತಲೆಯ ಚಾಂಪಿಯನ್, ನಾಲ್ಕನೇ ತಲೆಯ ಚಾಂಪಿಯನ್ ಎಂದು ವಂಶ ಹೇಳಿದ ಹಾಗೆ ಹೇಳುತ್ತಾರೆ. ಆ ಸಂಖ್ಯೆ ಸಾಯುವವರೆಗೂ ಹೆಸರಿಗೆ ಅಂಟಿಕೊಂಡಿರುತ್ತದೆ. ತಾನು ಏಳನೆಯವಳು ಎಂದು ಫುಮಿಕೋ ನಿನಗೆ ಹೇಳಿದ್ದಳು. ಅವಳ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ. ನಿನಗೆ ಅವಳ ಮಾತೇ ಸಾಕಾಗಿತ್ತು.

ನನಗೆ ಸಾಕಾಗಲಿಲ್ಲ. ಮೈಸೂರಿನವಳು ನಾನು, ಕುಸ್ತಿ ನೋಡದವಳೇನಲ್ಲ. ಗರಡಿಮನೆ ನಮ್ಮ ಬೀದಿಯ ತುದಿಯಲ್ಲೇ ಇತ್ತು. ನಿಮ್ಮಪ್ಪನ ಹತ್ತಿರ ಆಡಿಕೊಂಡೆ: "ಚಾಂಪಿಯನ್ ಅಂತೆ! ನಮ್ಮೂರಲ್ಲಿ ಗರಡಿಮನೆ ಕಸ ಗುಡ್ಸೋನೂ ಪೈಲ್ವಾನ್ ಅಂತ್ಲೇ ಹೇಳ್ಕೋತಿದ್ದ."

"ಅಲ್ವೇ, ನಿಂಗ್ಯಾಕೆ ಅಷ್ಟು ಉರಿ?" ಅಂದರು ಅವರು. "ಮಗು ಖುಷಿಯಾಗಿದೆ ತಾನೆ?"

ನೀನು ಖುಷಿಯಾಗಿದ್ದೆ. ಅದೇ ನನ್ನ ಕಷ್ಟ. ಸಂಜೆ ನಿನ್ನನ್ನು ಕರೆದೊಯ್ಯಲು ಬಾಗಿಲಿಗೆ ಬಂದರೆ, ನೀನು ಕಾರ್ಪೆಟ್ ಮೇಲೆ ಬಿಲ್ಲಿನಂತೆ ಹಿಂದಕ್ಕೆ ಬಾಗಿ ನೆತ್ತಿ ಊರಿ ನಿಂತಿರುತ್ತಿದ್ದೆ. ಅವಳು ಪಕ್ಕದಲ್ಲಿ ಮಂಡಿಯೂರಿ ಜಪಾನಿ ಭಾಷೆಯಲ್ಲಿ ಎಣಿಸುತ್ತಿದ್ದಳು. "ಅಮ್ಮ ಬಂದೆ ಪುಟ್ಟಿ" ಅಂದರೆ "ಫೈವ್ ಮೋರ್ ಮಿನಿಟ್ಸ್!" — ತಲೆ ಕೂಡ ತಿರುಗಿಸದೆ. ಭಾನುವಾರ ನಾನು ಎಣ್ಣೆ ಹಚ್ಚಿ ತಲೆ ಬಾಚಿದರೆ ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕಿರುಚುತ್ತಿದ್ದವಳು, ಅವಳ ಮುಂದೆ ಕಮಕ್ ಕಿಮಕ್ ಅನ್ನದೆ ಕೂತು ಎರಡು ಬಿಗಿ ಜಡೆ ಹಾಕಿಸಿಕೊಳ್ಳುತ್ತಿದ್ದೆ. ನನ್ನ ಬಿಸಿಬೇಳೆಬಾತು ಬೇಡ, ಅವಳ ಉಪ್ಪು ಹಾಕಿದ ಅನ್ನದುಂಡೆ ಬೇಕು. ಅವಳು ಜಪಾನಿನವರ ಮುದ್ದಿನ ರೀತಿಯಲ್ಲಿ 'ರೋ-ಚಾನ್' ಎಂದು ಕರೆದರೆ ಸಾಕು, ನಿನ್ನ ಮುಖ ಅರಳುತ್ತಿತ್ತು. ಹೆಸರಿಟ್ಟವಳು ನಾನು, ಇವಳು ಯಾರು ಅದನ್ನು ಕತ್ತರಿಸಿ ತನ್ನದು ಮಾಡಿಕೊಳ್ಳಲು ಎಂದು ಮೈಯೆಲ್ಲ ಉರಿಯುತ್ತಿತ್ತು.

ಸ್ಕೂಲಿನಲ್ಲಿ ಆಡುವಾಗ ಬಿದ್ದು ಗಲ್ಲ ಸೀಳಿಕೊಂಡೆಯಲ್ಲ — ಆ ಗಾಯದ ಗೆರೆ ಈಗಲೂ ಇದೆ — ಆವತ್ತು ಯಾರಿಗೆ ಫೋನ್ ಮಾಡಲಿ ಎಂದು ನರ್ಸು ಕೇಳಿದಾಗ ನೀನು ಕೊಟ್ಟದ್ದು ಅವಳ ನಂಬರು. ಸರಿಯಾಗಿಯೇ ಕೊಟ್ಟೆ. ಅವಳು ಹತ್ತಿರವಿದ್ದಳು, ನಾನು ಫ್ರೀವೇಯ ಆ ಕೊನೆಯಲ್ಲಿದ್ದೆ. ನಾನು ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದಾಗ ಹೊಲಿಗೆ ಹಾಕಿ ಮುಗಿದಿತ್ತು, ನೀನು ಅವಳ ತೊಡೆಯ ಮೇಲಿದ್ದೆ. "ಇಟ್ಸ್ ಓಕೆ ಅಮ್ಮ, ಫುಮಿಕೋ ಈಸ್ ಹಿಯರ್" ಅಂದೆ. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ನಾನು ಅದನ್ನು ಎಷ್ಟೋ ದಿನ ಅಗಿದೆ.

ಆಮೇಲೆ ಸ್ಕೂಲಿನ ಆ ಕಾರ್ಯಕ್ರಮ ಬಂತು — ಮಕ್ಕಳು ತಾವು ತುಂಬ ಮೆಚ್ಚುವವರನ್ನು ಕರೆತಂದು, ತರಗತಿಯ ಮುಂದೆ ಅವರ ಬಗ್ಗೆ ಮಾತಾಡಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ: ನೀನು ಬಾಯಿ ಬಿಡುವ ಮೊದಲೇ ನಾನು ಲ್ಯಾಬಿನಲ್ಲಿ ರಜೆ ಕೇಳಿಟ್ಟಿದ್ದೆ. ಊಟಕ್ಕೆ ಕೂತಾಗ ನೀನು ಹೇಳಿದೆ, "ಐಯಾಮ್ ಟೇಕಿಂಗ್ ಫುಮಿಕೋ. ಷೀ ವಾಸ್ ಅ ಚಾಂಪಿಯನ್!"

ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಮರುದಿನವೇ ಸ್ಯಾನ್ ಹೋಸೆಯ ಜಪಾನ್‌ಟೌನಿಗೆ ಹೋದೆ. ಅಲ್ಲಿ ಒಕಾದಾ ಎಂಬ ಮುದುಕರ ದಿನಸಿ ಅಂಗಡಿ. ಹಿಂದಿನ ಕೋಣೆಯಲ್ಲಿ ಅವರು ಜಪಾನಿನ ವಿಡಿಯೋ ಟೇಪುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ನೀನೂ ಅವಳೂ ಹೋಗಿ ತಂದು, ಕೂತು ನೋಡುತ್ತಿದ್ದ ಕುಸ್ತಿಯ ಟೇಪುಗಳೆಲ್ಲ ಅಲ್ಲಿಯವೇ. ನಾನು ರೋಹಿಣಿಯ ಅಮ್ಮ, ಆ ಬೆಲ್ಟು ಯಾರು ಯಾರ ಬಳಿ ಇತ್ತು ಎಂದು ತಿಳಿಯಬೇಕಿತ್ತು ಅಂದೆ. ಮುದುಕರಿಗೆ ಸಂತೋಷವೋ ಸಂತೋಷ. ಒಂದು ಪತ್ರಿಕೆ ತೆಗೆದು ಹರಡಿದರು. ಒಬ್ಬೊಬ್ಬ ಚಾಂಪಿಯನ್ನಿನ ಫೋಟೋ, ಕೆಳಗೆ ಸಂಖ್ಯೆ. ಬೆರಳಿಟ್ಟು ಕಥೆ ಹೇಳುತ್ತ ಹೋದರು: ಇವಳು ಹಾಡುತ್ತಿದ್ದಳು, ಇವಳು ಇಪ್ಪತ್ತೈದು ತುಂಬಿತೆಂದು ಬೆಲ್ಟನ್ನು ಒಪ್ಪಿಸಿ ಅಖಾಡ ಬಿಟ್ಟಳು — ಅಷ್ಟು ವಯಸ್ಸಾದರೆ ಬಿಡಲೇಬೇಕು, ಅದು ಅಲ್ಲಿಯ ಕಟ್ಟು, ಅವಳನ್ನು ಬೀಳ್ಕೊಡಲು ಗಂಟೆ ಬಾರಿಸಿದಾಗ ಹುಡುಗಿಯರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಣ್ಣು ಮಾತ್ರ ಮುಂದಕ್ಕೆ ಓಡಿ ಏಳನೆಯದರ ಮೇಲೆ ನಿಂತಿತು. ಬೇರೆ ಯಾರದೋ ಮುಖ. ಹೊಟ್ಟೆಗೆ ಹಾಲು ಹಾಕಿದ ಹಾಗಾಯಿತು.

ಅಷ್ಟಕ್ಕೇ ಎದ್ದು ಬಂದಿದ್ದರೆ ನಾನು ಬರೀ ತಪ್ಪು ತಿಳಿದವಳಾಗುತ್ತಿದ್ದೆ. ಆದರೆ ಬಾಯಿ ಸುಮ್ಮನಿರಲಿಲ್ಲ. "ಹಾಗಾದರೆ ಫುಮಿಕೋ ಅನ್ನೋಳು ಗೆದ್ದಿರಲಿಲ್ಲ ಅಲ್ವಾ?" ಎಂದು ಕೇಳಿಯೇಬಿಟ್ಟೆ.

ಮುದುಕರ ಮುಖ ಸಣ್ಣಗಾಯಿತು. "ನಿಜವಾದ ಏಳನೆಯವಳು ಅವಳೇ," ಅಂದರು. ಆ ಹುಡುಗಿಯರಿಗೆ ಕುಡಿತ ಕೂಡದು, ಸಿಗರೇಟು ಕೂಡದು, ಗಂಡಸಿನ ಸಹವಾಸ ಮೊದಲೇ ಕೂಡದು. ಫುಮಿಕೋ ಒಬ್ಬ ಅಮೆರಿಕನ್ ಸೈನಿಕನನ್ನು ಪ್ರೀತಿಸುತ್ತಿದ್ದದ್ದು ಕುಸ್ತಿ ನಡೆಸುವ ಕಂಪನಿಯವರಿಗೆ ತಿಳಿಯಿತು. ಬೆಲ್ಟನ್ನು ಸದ್ದಿಲ್ಲದೆ ಕಿತ್ತುಕೊಂಡರು. ಅಷ್ಟಕ್ಕೆ ಬಿಡಲಿಲ್ಲ, ಅವಳ ನಂತರ ಗೆದ್ದವಳಿಗೆ ಏಳನೆಯವಳು ಎಂದೇ ಹೆಸರು ಕೊಟ್ಟು ಫುಮಿಕೋಳನ್ನು ಆ ವಂಶದಿಂದಲೇ ತೆಗೆದುಹಾಕಿದರು. "ಆದರೆ ನನ್ನ ತಂಗಿ ಅದನ್ನ ಟೀವಿಯಿಂದ ರೆಕಾರ್ಡು ಮಾಡಿ ಕಳಿಸಿದ್ದಳು," ಅಂದರು ಮುದುಕರು, ಕಪಾಟಿನ ಮೂಲೆಯಿಂದ ಒಂದು ಟೇಪು ತೆಗೆಯುತ್ತ. "ನಿಮ್ಮ ಮಗಳಿಗೆ ತೋರಿಸಿ. ಫುಮಿಕೋ ತಾನಾಗಿ ಕೇಳುವವಳಲ್ಲ, ಆದರೆ ಅವಳಿಗೂ ಸಂತೋಷವಾಗುತ್ತೆ." ಪತ್ರಿಕೆಯನ್ನೂ ಜೊತೆಗೆ ಕೊಟ್ಟರು.

ಶನಿವಾರ ನಿಮ್ಮಪ್ಪ ನಿನ್ನನ್ನು ಈಜಿಗೆ ಕರೆದೊಯ್ದಾಗ ಒಬ್ಬಳೇ ಕೂತು ನೋಡಿದೆ. ಮಸುಕು ಚಿತ್ರ. ಆದರೂ ಅವಳೇ — ಅದೇ ಎರಡು ಬಿಗಿ ಜಡೆ, ನಿನಗೆ ಹಾಕುತ್ತಿದ್ದಳಲ್ಲ ಹಾಗೆ. ಎದುರಾಳಿ ಅವಳ ಎರಡರಷ್ಟಿದ್ದಳು. ಎತ್ತಿ ಎತ್ತಿ ಒಗೆದಳು. ಫುಮಿಕೋ ಏಳುತ್ತಿದ್ದಳು, ಬೀಳುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಕೊನೆಗೆ ಬಿಲ್ಲಿನಂತೆ ಹಿಂದಕ್ಕೆ ಬಾಗಿ ನೆತ್ತಿ ಊರಿ, ಆ ದೈತ್ಯೆಯ ಭುಜಗಳನ್ನು ನೆಲಕ್ಕೆ ಅದುಮಿ ಹಿಡಿದಳು. ಬೆಲ್ಟು ಅವಳ ಸೊಂಟಕ್ಕೆ ದೊಡ್ಡದಾಗಿತ್ತು, ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು. ಹಾಗೆ ಅಳುತ್ತಲೇ ಸೋತವಳಿಗೆ ಹಣೆ ನೆಲಕ್ಕೆ ತಾಗುವಂತೆ ನಮಸ್ಕಾರ ಮಾಡಿದಳು. ಕುಸ್ತಿಯ ಗೆಲುವು ಸೋಲು ಮೊದಲೇ ಮಾತಾಡಿಕೊಂಡಿರುತ್ತಾರೆ ಎಂದು ಜನ ಹೇಳುವುದು ನನಗೂ ಗೊತ್ತು. ಆ ಅಳು ಮಾತಾಡಿಕೊಂಡದ್ದಲ್ಲ. ನನಗೂ ಅಳು ಬಂತು ಮಾರಾಯ್ತಿ.

ಅಲ್ಲಿಗೆ ನನ್ನ ಕಿಚ್ಚು ಆರಬೇಕಿತ್ತು. ಆರಲಿಲ್ಲ — ಇಮ್ಮಡಿಯಾಯಿತು. ಅಲ್ಲಿಯವರೆಗೆ, ಪಾಪ ಮಗು, ಯಾರೋ ಬಡಾಯಿಯವಳನ್ನು ನಂಬಿದೆ ಎಂಬ ಸಮಾಧಾನವಾದರೂ ಇತ್ತು. ಈಗ ಅದೂ ಹೋಯಿತು. ನೀನು ಸರಿಯಾದವಳನ್ನೇ ಮೆಚ್ಚಿದ್ದೆ.

ಟೇಪನ್ನು ವಾಪಸು ಕೊಟ್ಟುಬಂದೆ. ಪತ್ರಿಕೆಯನ್ನು ಇಟ್ಟುಕೊಂಡೆ. ಆ ಸಂಜೆ ಅದನ್ನು ನಿನ್ನ ಮುಂದೆ ಹರಡಿ ಹೇಳಿದೆ, "ನೋಡು ಪುಟ್ಟಿ, ಚಾಂಪಿಯನ್‌ಗಳೆಲ್ಲ ಇದ್ರಲ್ಲಿದಾರೆ. ಏಳನೆಯವಳು ಇವ್ಳು. ಫುಮಿಕೋ ಎಲ್ಲಿದಾಳೆ, ನೀನೇ ಹುಡುಕು."

ನೀನು ಒಂದೊಂದೇ ಮುಖ ನೋಡಿದೆ. ಮತ್ತೆ ಮೊದಲಿನಿಂದ ನೋಡಿದೆ. ಆಮೇಲೆ ನನ್ನ ಕಡೆ ತಿರುಗಿ, "ಷೀ ಲೈಡ್ ಟು ಮಿ?" ಅಂದೆ.

ಇಲ್ಲ ಎಂಬ ಒಂದು ಮಾತು ಸಾಕಿತ್ತು. ನಾಲಿಗೆಯ ಮೇಲೇ ಇತ್ತು — ನಾನು ಅಂದದ್ದು, "ನಾನೇನು ಹೇಳ್ಲಿ, ಪುಟ್ಟಿ?"

ನೀನು ಪತ್ರಿಕೆ ಹಿಡಿದು ಕೆಳಗೆ ಓಡಿದೆ. ನಾನು ಹಿಂದೆಯೇ ಬಂದೆ. ಬಾಗಿಲು ತೆಗೆದ ಫುಮಿಕೋ ನಿನ್ನ ಕೈಯಲ್ಲಿದ್ದದ್ದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳು ನಿನ್ನ ಮುಂದೆ ಮಂಡಿಯೂರಿ, "ಸಾರಿ, ರೋ-ಚಾನ್" ಅಂದಳು. ಅಷ್ಟೇ. ನೀನು ಅದನ್ನು ತಪ್ಪೊಪ್ಪಿಗೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಮಾರನೆಯ ದಿನ ಮೆಟ್ಟಿಲ ಬಳಿ ಸಿಕ್ಕಳು. "ಒಕಾದಾ ಮೊನ್ನೆಯೇ ಫೋನ್ ಮಾಡಿದ್ದರು. ಟೇಪು ಚೆನ್ನಾಗಿ ಕಾಣಿಸಿತಾ?" ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗೊತ್ತಿದ್ದೂ ಮಗುವಿಗೆ ಯಾಕೆ ಹೇಳಲಿಲ್ಲ ಎಂದು ಹೇಗೋ ತೊದಲಿದೆ.

"ಹೇಳಿದ್ದರೆ ಅವಳ ಅಮ್ಮ ಸುಳ್ಳುಗಾರ್ತಿ ಆಗ್ತಿದ್ದಳು," ಅಂದಳು. "ಅವಳಿಗೆ ಅಮ್ಮ ಒಬ್ಬಳೇ. ನನ್ನ ಹೆಸರು ಒಂದು ಸಲ ತೆಗೆದಾಗಿದೆ. ಇನ್ನೊಂದು ಸಲ — ಪರವಾಗಿಲ್ಲ."

ಪರವಾಗಿಲ್ಲ ಅಂದವಳ ಕಣ್ಣು ಕೆಂಪಗಿತ್ತು. ಆಗಲಾದರೂ ಮೇಲೆ ಹೋಗಿ ನಿನಗೆ ಹೇಳಬಹುದಿತ್ತಲ್ಲ! ನಾನು ಮೇಲೆ ಹೋಗಿ ಅಕ್ಕಿ ತೊಳೆದು ಕುಕ್ಕರ್ ಇಟ್ಟೆ.

ಸ್ಕೂಲಿಗೆ ನೀನು ನನ್ನನ್ನು ಕರೆದೊಯ್ದೆ. ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಸಿಗಲಿಲ್ಲವಲ್ಲ ಎಂದು ಬೇರೆ ಪೇಚಾಡಿಕೊಂಡು ಹೋದೆ. ನೀನು ಎದ್ದು ನಿಂತು, ನನ್ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ನನ್ನಮ್ಮ ಯಾವತ್ತೂ ಸುಳ್ಳು ಹೇಳುವುದಿಲ್ಲ ಅಂದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನು ನಗುತ್ತ ನಿಂತಿದ್ದೆ.

ಬೇಸಿಗೆಯಲ್ಲಿ ಫುಮಿಕೋ ಮನೆ ಖಾಲಿ ಮಾಡಿಕೊಂಡು ಹವಾಯಿಯಲ್ಲಿದ್ದ ಅಕ್ಕನ ಬಳಿ ಹೋದಳು. ನೀನು ಕೆಳಗಿಳಿದು ಹೋಗಲಿಲ್ಲ, ಹೋಗು ಎಂದು ನಾನೂ ಅನ್ನಲಿಲ್ಲ. ನಿನಗೆ ಕೊಡಿ ಎಂದು ಒಂದು ಡಬ್ಬಿ ಅಕ್ಕಿಯ ಬಿಸ್ಕತ್ತು ಕೊಟ್ಟುಹೋದಳು. ಗ್ರೋಸರಿಯಿಂದ ತಂದೆ ಎಂದು ಹೇಳಿ ನಿನಗೆ ಕೊಟ್ಟೆ. ಅಷ್ಟನ್ನೂ ಅವಳಿಗೆ ಬಿಡಲಿಲ್ಲ ನಾನು.

ಆಮೇಲೆ ಅದೊಂದು ಮನೆಮಾತೇ ಆಯಿತು. ಯಾರಾದರೂ ಬಡಾಯಿ ಕೊಚ್ಚಿದರೆ ನೀನು "ಫುಮಿಕೋ ಬೆಲ್ಟು!" ಅನ್ನುತ್ತಿದ್ದೆ. ಏನೂ ತಿಳಿಯದ ನಿಮ್ಮಪ್ಪನೂ ಕೊನೆಯವರೆಗೆ ಅದನ್ನೇ ಅಂದು ನಗುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನೂ ಜೊತೆಯಲ್ಲಿ ನಕ್ಕೆ. ಆದರೆ ನೀನು ಯಾರೊಬ್ಬರನ್ನೂ ಪೂರ್ತಿ ನಂಬದವಳಾಗಿ ಬೆಳೆದೆ. ಯಾರು ಏನು ಹೇಳಿದರೂ ಮೊದಲು ಪುರಾವೆ ಕೇಳುತ್ತೀಯೆ. ಅದು ನನ್ನಿಂದಲೇ ಆದದ್ದು ಎಂದು ಹೇಗೆ ಹೇಳಲಿ — ನನ್ನಿಂದ ಅಲ್ಲ ಎಂದು ಮಾತ್ರ ಹೇಳಲಾರೆ.

ಮೊನ್ನೆ ನಿನ್ನ ಮಗಳು ಮೀರಾ ಬಂದಿದ್ದಳಲ್ಲ. ನಾನು ಚಿಕ್ಕವಳಿದ್ದಾಗ ಆನೆಯ ಮೇಲೆ ಕೂತಿದ್ದೆ ಅಂದದ್ದಕ್ಕೆ, ಕಣ್ಣು ಮಿಟುಕಿಸಿ, "ಅಜ್ಜಿ, ದಟ್ಸ್ ಅ ಫುಮಿಕೋ ಬೆಲ್ಟ್!" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈಯಿಂದ ಲೋಟ ಜಾರಿತು. ಫುಮಿಕೋ ಯಾರೆಂದು ಆ ಮಗುವಿಗೆ ಗೊತ್ತಿಲ್ಲ. ಸುಳ್ಳಿಗೆ ಇನ್ನೊಂದು ಹೆಸರು ಫುಮಿಕೋ ಎಂದು ಮಾತ್ರ ಗೊತ್ತು. ಕಂಪನಿಯವರು ಅವಳ ಹೆಸರನ್ನು ಅಳಿಸಿದರು, ಅಷ್ಟೇ. ನಾನು ಅದನ್ನು ಬೈಗುಳ ಮಾಡಿ ಮೊಮ್ಮಗಳ ಬಾಯಿಗೆ ಕೊಟ್ಟೆ.

ಅವಳು ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ. ಹುಡುಕುವ ಧೈರ್ಯ ಇಷ್ಟು ವರ್ಷ ಮಾಡಲಿಲ್ಲ. ನಿನಗೆ ಕನ್ನಡ ಓದಲು ಬರುವುದಿಲ್ಲ, ಬರದೇ ಇರುವುದರಿಂದಲೇ ಇಷ್ಟು ಧೈರ್ಯವಾಗಿ ಬರೆದೆನೇನೋ — ಅದೂ ಒಂದು ಮುಚ್ಚುಮರೆಯೇ. ಆದ್ದರಿಂದ ಭಾನುವಾರ ನೀನು ಬಂದಾಗ ಇದನ್ನು ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ನಾನು ನಡುವೆ ನಿಲ್ಲಿಸಹೋದರೆ ನಿಲ್ಲಿಸಲು ಬಿಡಬೇಡ. ಎದ್ದು ಹೋಗಬೇಕು ಅನ್ನಿಸಿದರೆ ಹೋಗು, ತಡೆಯುವುದಿಲ್ಲ. ಆದರೆ ಮೀರಾಳನ್ನೂ ಕರೆದುಕೊಂಡು ಬಾ. ಏಳನೆಯವಳು ಫುಮಿಕೋ, ಅಜ್ಜಿ ನೋಡಿದ್ದಾಳೆ ಎಂದು ಅವಳಿಗೂ ಹೇಳಬೇಕು.