ಚಗಳಿಯ ಕಾವಲಿನಲ್ಲಿ ಕೃಷ್ಣಾನಂದರು

ಬೆಳಿಗ್ಗೆ ಆರು ಹತ್ತಕ್ಕೆ ಕೃಷ್ಣಾನಂದರು ಶ್ರೀಕಾರ್ಯಂ ಬಡಾವಣೆಯ ತಮ್ಮ ಮನೆಯ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ಮಾವಿನ ಮರದ ಚಗಳಿ ಇರುವೆಗಳ ಸಾಲು ಅಂಗಳದತ್ತ ತಿರುಗಿದೆಯೇ ಎಂದು ನೋಡುತ್ತಿದ್ದರು. ಇರುವೆಗಳನ್ನು ಅವರಷ್ಟು ಹೊಗಳುವವರೂ ಇಲ್ಲ, ಅವುಗಳಿಗೆ ಅವರಷ್ಟು ಹೆದರುವವರೂ ಇಲ್ಲ. ‘ಹುಳ ಹಿಡಿಯುದೇ ಇವು ಮಾರಾಯ್ರೆ, ಮದ್ದು ಹೊಡೆದರೆ ಮಗಳು ತಿನ್ನುವ ಹಣ್ಣಿಗೇ ವಿಷ ಅಲ್ವಾ’ ಎಂದು ಕಾಸರಗೋಡಿನಿಂದ ಬಂದ ನೆಂಟರಿಗೆ ಹೇಳುತ್ತಲೇ ಹೊಸ್ತಿಲಿಗೆ ಅರಿಸಿನದ ಗೆರೆ ಎಳೆಯುವರು, ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವರು, ಮಗಳ ಯೂನಿಫಾರ್ಮನ್ನು ಹತ್ತು ಸಲ ಕೊಡವುವರು. ‘ಮದಿ ಅಪ್ಪಾ, ಸಾಕು! ಇರುವೆಗೇ ನಾಚಿಕೆ ಆಗ್ತದೆ’ ಎಂದು ಮಗಳು ಕೃತಿ ಮಲಯಾಳ ಬೆರೆಸಿ ನಗುವಳು. ಮೂರರ ವಯಸ್ಸಿನಲ್ಲಿ ಒಂದೇ ಚಗಳಿ ಕಚ್ಚಿ ಗಂಟಲು ಊದಿದ್ದು ಅವಳಿಗೆ ನೆನಪಿಲ್ಲ. ಆ ದಿನ ಆಸ್ಪತ್ರೆಯಲ್ಲಿ ನರ್ಸ್ ಮಗುವಿನ ಹೆಸರು ಕೇಳಿದಾಗ, ಗಡಿಯಾರದಿಂದ ಕಣ್ಣು ತೆಗೆಯದ ಕೃಷ್ಣಾನಂದರ ಬಾಯಿಂದ ಹೊರಟದ್ದು ಇಷ್ಟೇ: ‘ಕಚ್ಚಿ ಹನ್ನೊಂದು ನಿಮಿಷ.’