ಖಾಲಿ ಬೆಂಚಿನ ಹಾಜರಿ

ಗೋರೆಗಾಂವ್‌ನ ಕನ್ನಡ ಶಾಲೆಗೆ ಮುಖ್ಯಾಧ್ಯಾಪಕಿಯಾಗಿ ಬಂದ ಮೊದಲ ಬೆಳಿಗ್ಗೆ ಐದನೇ ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹಾಜರಿ ನಡೆದಿತ್ತು. ಹೆಸರು ಕರೆಯುತ್ತಿದ್ದವರು ಶಿಕ್ಷಕಿಯಲ್ಲ, ರೇಣುಕಾ ಎಂಬ ಹುಡುಗಿ. ಮಗ್ಗಿ ಒಪ್ಪಿಸುವವಳಂತೆ ಬೆಂಚಿನಿಂದ ಬೆಂಚಿಗೆ ಹೇಳುತ್ತಾ ಹೋಗುತ್ತಿದ್ದಳು.

"ಬಸವರಾಜ."

"ಅದಾನ್ರೀ."

ಉತ್ತರ ಬಂತು, ಆದರೆ ರೇಣುಕಾ ಬೆರಳು ತೋರಿಸಿದ ಬೆಂಚು ಖಾಲಿಯಿತ್ತು.

"ಲಕ್ಷ್ಮಿ."

"ಅದಾಳ್ರೀ."

ಅಲ್ಲಿಯೂ ಯಾರಿಲ್ಲ. ಕಿಟಕಿಯ ಪಕ್ಕದ ಸಾಲು ಪೂರ್ತಿ ಖಾಲಿ, ಆದರೆ ಒಂದು ಹೆಸರಿಗೂ ಉತ್ತರ ತಪ್ಪಲಿಲ್ಲ. ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ.

ಧಾರವಾಡದ ನಮ್ಮ ಶಾಲೆಯಲ್ಲಿ ಬಾರದವನ ಹೆಸರು ಬಂದರೆ ಇಡೀ ತರಗತಿ "ಬಂದಿಲ್ರೀ" ಎಂದು ಸಂಭ್ರಮದಿಂದ ಕೂಗುತ್ತಿತ್ತು. ಅವನು ಯಾವ ಮಾವಿನ ಗಿಡ ಹತ್ತಿದ್ದಾನೆ ಎಂಬ ಚಾಡಿಯೂ ಜೊತೆಗೇ ಬರುತ್ತಿತ್ತು. ಇಲ್ಲಿ ಮಾತ್ರ ಇಲ್ಲದವರಿಗೂ ಇದ್ದಾರೆ ಎಂಬ ಉತ್ತರ. ತರಗತಿಯ ಶಿಕ್ಷಕಿ ಮಂಗಳೂರಿನ ಕಡೆಯವರು, ಇಲ್ಲೇ ತಲೆ ನರೆತವರು. ಅವರನ್ನು ಕೇಳಿದೆ.

"ಹೆದರ್ಬೇಡಿ ಮೇಡಂ. ಬಿಲ್ಡಿಂಗ್ ಕೆಲಸ ಮುಗಿದ್ರೆ ಅಪ್ಪ ಅಮ್ಮ ಪವಾಯಿ ಸೈಟಿಗೆ ಶಿಫ್ಟ್ ಆಗ್ತಾರೆ, ಮಕ್ಕಳೂ ಹೋಗ್ತವೆ. ಉತ್ತರ ಬರ್ಲಿಲ್ಲಾಂದ್ರೆ ಅವುಗಳಿಗೆ ವಾಪಸ್ ದಾರಿ ಸಿಗುದಿಲ್ಲಾಂತ ಇವುಗಳ ನಂಬಿಕೆ. ಯಾರು ಕಲಿಸಿದ್ದೋ, ನಂಗೂ ಗೊತ್ತಿಲ್ಲ."

ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಸರಕಾರದ ಲೆಕ್ಕಕ್ಕೆ ನಾನೇ ತಲೆ ಎಣಿಸುತ್ತಿದ್ದೆ.

ಮುಂಬೈ ಹೇಗಿದೆ ಎಂದು ಊರಿನವರು ಕೇಳುತ್ತಾರೆ. ನನ್ನ ಖೋಲಿಯಲ್ಲಿ ಕಾಲು ಚಾಚಿದರೆ ಗೋಡೆ ಸಿಗುತ್ತದೆ. ಗೋಡೆಯಾಚೆ ಯಾರೋ ಕೆಮ್ಮುತ್ತಾರೆ. ಅವರ ಮುಖ ಇನ್ನೂ ನೋಡಿಲ್ಲ, ಕೆಮ್ಮು ಕೇಳದ ದಿನ ಗಾಬರಿಯಾಗುತ್ತದೆ. ಧಾರವಾಡದಲ್ಲಿ ಒಂಟಿಯಾಗಬೇಕೆಂದರೆ ಗುಡ್ಡಕ್ಕೆ ಹೋಗಬೇಕಿತ್ತು. ಇಲ್ಲಿ ಲೋಕಲ್ ರೈಲು ಹತ್ತಿದರೆ ಸಾಕು, ಅಷ್ಟು ಜನರ ನಡುವೆ ಒಬ್ಬಳೇ ಆಗಿಬಿಡುತ್ತೇನೆ.

ಊರಲ್ಲಿ ಕಾನೂನು ಎಂದರೆ ನನಗೆ ಕೋರ್ಟು ಕಚೇರಿ, ದೂರದ ಮಾತು. ಇಲ್ಲಿ ಅದು ನನ್ನ ಕೋಣೆಗೇ ಬಂದು ಎದುರು ಕುರ್ಚಿ ಎಳೆದುಕೊಂಡು ಕೂತಿತು. ಯಾವ ಮಾಧ್ಯಮದ ಶಾಲೆಯಾದರೂ ಮರಾಠಿ ಕಡ್ಡಾಯವೆಂದು ರಾಜ್ಯದ ಕಾನೂನು. ಕಲಿಸುವ ವ್ಯವಸ್ಥೆ ನೋಡಬೇಕಾದವಳು ನಾನು, ನನ್ನ ಮರಾಠಿಯೋ ಅಷ್ಟಕ್ಕಷ್ಟೇ. ಒಂದನೇ ತರಗತಿಯ ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತು ಕಲಿತೆ. ಸಬ್ಬಸಿಗೆ ಸೊಪ್ಪಿಗೆ ಇಲ್ಲಿ 'ಶೇಪು' ಎನ್ನುತ್ತಾರೆ. ಅದನ್ನು ಮರಾಠಿಯಲ್ಲೇ ಚೌಕಾಸಿ ಮಾಡಿ ತಂದ ದಿನ ರಾಜ್ಯ ಗೆದ್ದವಳಂತೆ ಬೀಗಿದ್ದೆ.

ಇನ್ನೊಂದು ನಿಯಮ ಹಾಗೆ ಒಲಿಯಲಿಲ್ಲ. ಮಕ್ಕಳ ಸಂಖ್ಯೆ ನೋಡಿ ಸರಕಾರ ಹುದ್ದೆಗಳನ್ನು ಮಂಜೂರು ಮಾಡುತ್ತದೆ. ಇದಕ್ಕೆ 'ಸಂಚಮಾನ್ಯತಾ' ಎಂದು ಹೆಸರು. ಸಂಖ್ಯೆ ಕುಸಿದರೆ ಮುಖ್ಯಾಧ್ಯಾಪಕಿಯ ಹುದ್ದೆಯೇ ಹೋಗುತ್ತದೆ. ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ ಎಂದು ಒಂದು ಕಾನೂನು, ಕಣ್ಣಿಗೆ ಕಾಣದ ಮಗುವನ್ನು ಎಣಿಸುವಂತಿಲ್ಲ ಎಂದು ಇನ್ನೊಂದು ಆದೇಶ. ಎರಡರ ನಡುವೆ ಸಿಕ್ಕವಳು ನಾನು.

ಪರಿಶೀಲನೆಗೆ ಬಂದ ಅಧಿಕಾರಿಗೆ ಕನ್ನಡ ಬಾರದು. ಕಾಗದದ ಮೇಲೆ ತಲೆ ತಗ್ಗಿಸಿ ಕೂತು, ಹಾಜರಿ ಕರೆಯಲು ಸನ್ನೆ ಮಾಡಿದರು. ರೇಣುಕಾ ಶುರು ಮಾಡಿದಳು. ಪ್ರತಿ ದನಿಗೂ ಅವರು ಒಂದೊಂದು ಗೆರೆ ಎಳೆಯುತ್ತಾ ಹೋದರು. ಕಿಟಕಿಯ ಸಾಲು ಬಂತು. "ಅದಾನ್ರೀ." ಗೆರೆ. "ಅದಾಳ್ರೀ." ಗೆರೆ. ಉತ್ತರ ಕೊಡುತ್ತಿರುವುದು ಯಾರೆಂದು ಮಕ್ಕಳ ತುಟಿಗಳನ್ನೇ ನೋಡಿದೆ. ಒಂದು ತುಟಿಯೂ ಅಲುಗಿದ್ದು ಕಾಣಲಿಲ್ಲ.

ಸುಮ್ಮನಿದ್ದರೆ ನನ್ನ ಹುದ್ದೆ ಉಳಿಯುತ್ತಿತ್ತು. ಆಸೆಯಾಯಿತು. ಆದರೆ ಆ ಮಕ್ಕಳು ಗೆಳೆಯರಿಗಾಗಿ ನಡೆಸುತ್ತಿದ್ದ ಹಾಜರಿಯನ್ನು ನನ್ನ ಕುರ್ಚಿಗೆ ಆನಿಕೆ ಮಾಡಿಕೊಳ್ಳಲು ಅಸಹ್ಯವೂ ಆಯಿತು. "ಸಾಹೇಬರೇ, ತಲೆ ಎತ್ತಿ ನೋಡಿ" ಎಂದು ಮರಾಠಿಯಲ್ಲಿ ಹೇಳಿದೆ. ಕಷ್ಟಪಟ್ಟು ಕಲಿತ ಮರಾಠಿ ಅದಕ್ಕೆ ಒದಗಿತು.

ಅವರು ಗೆರೆ ಎಣಿಸಿದರು, ತಲೆ ಎಣಿಸಿದರು. ಮತ್ತೊಮ್ಮೆ ಎರಡನ್ನೂ ಎಣಿಸಿದರು.

"ಕೋಣ್ ಬೋಲ್ತಯ್?" ಎಂದರು. ಮಾತಾಡುತ್ತಿರುವುದು ಯಾರು ಎಂದು.

"ಅವರೆಲ್ಲಾ ಅದಾರ್ರೀ ಸರ್" ಎಂದಳು ರೇಣುಕಾ. "ಸೈಟ್ ಮುಗದ ಮ್ಯಾಲೆ ಬರ್ತಾರ್ರೀ."

ನಾನು ಅನುವಾದಿಸಿದೆ. ಅಧಿಕಾರಿ ಕಿಟಕಿಯ ಸಾಲಿನ ಕಡೆ ಮತ್ತೆ ನೋಡಲಿಲ್ಲ. ತಲೆಗಳ ಸಂಖ್ಯೆಯನ್ನಷ್ಟೇ ಬರೆದುಕೊಂಡು, ಚಹಾ ಕೂಡ ಕುಡಿಯದೆ ಎದ್ದರು.

ಕೆಲವು ತಿಂಗಳಿಗೆ ನಾನು 'ಅತಿರಿಕ್ತ' ಆದೆ. ಹೆಚ್ಚಾದವಳು ಎಂದು ಅರ್ಥ. ದಹಿಸರ್‌ನ ಶಾಲೆಗೆ ಸಾಮಾನ್ಯ ಶಿಕ್ಷಕಿಯಾಗಿ ಕಳಿಸಿದರು. ಅಲ್ಲಿ ಬೆಂಚುಗಳು ತುಂಬಿವೆ, ಬಾರದ ಮಗುವಿನ ಹೆಸರಿಗೆ ಮೌನವಿದೆ. ಆ ಮೌನಕ್ಕೆ ನನ್ನ ಕಿವಿ ಇನ್ನೂ ಒಗ್ಗಿಲ್ಲ. ರಜೆಗೆ ಧಾರವಾಡಕ್ಕೆ ಹೋದರೆ ಅತ್ತಿಗೆ ನೀರು ಕೊಡುತ್ತಲೇ "ಹೊಳ್ಳಿ ಯಾವಾಗ ಹೊಂಟೀರಿ?" ಎಂದು ಮರಳುವ ದಿನ ಕೇಳುತ್ತಾರೆ. ಮುಂಬೈಗೆ ಬಂದರೆ ನೆರೆಯಾಕೆ, ಊರಿಗೆ ಯಾವಾಗ ಹೋಗುತ್ತೀರಿ ಎಂದು ಮರಾಠಿಯಲ್ಲಿ ಕೇಳುತ್ತಾಳೆ. ಇಬ್ಬರದೂ ಪ್ರೀತಿಯೇ. ಆದರೂ ನೋಯುತ್ತದೆ.

ಕಳೆದ ವಾರ, ಬಿಟ್ಟುಬಂದಿದ್ದ ಟಿಫಿನ್ ಡಬ್ಬಿ ತರಲು ಗೋರೆಗಾಂವ್‌ಗೆ ಹೋಗಿದ್ದೆ. ಐದನೇ ತರಗತಿಯ ಮಕ್ಕಳು ಈಗ ಆರನೆಯಲ್ಲಿದ್ದಾರೆ. ಅರ್ಧ ತೆರೆದ ಬಾಗಿಲ ಹಿಂದೆ ನಿಂತೆ. ರೇಣುಕಾಳ ದನಿ. ಬಸವರಾಜ, ಲಕ್ಷ್ಮಿ, ಕಿಟಕಿಯ ಸಾಲು, ಅದೇ ಉತ್ತರಗಳು. ಕೊನೆಯ ಹೆಸರೂ ಮುಗಿಯಿತು. ಅವಳು ಇನ್ನೂ ಕೂತುಕೊಳ್ಳಲಿಲ್ಲ.

"ದೊಡ್ಡ ಅಕ್ಕೋರು" ಎಂದಳು.

ಮಕ್ಕಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಯಾರೂ ಇಲ್ಲದ ಕಿಟಕಿಯ ಕಡೆಯಿಂದ ಉತ್ತರ ಬಂತು.

"ಅದಾರ್ರೀ."

ಒಂದು ಹೆಜ್ಜೆ ಇಟ್ಟಿದ್ದರೆ ಒಳಗಿರುತ್ತಿದ್ದೆ. ಇಡಲಿಲ್ಲ. ಒಳಗೆ ಹೋದರೆ, ಇದ್ದೇನೆ ಎಂಬ ಆ ಉತ್ತರವನ್ನು ನಾನೇ ಕೊಡಬೇಕಾಗುತ್ತಿತ್ತು; ಎಲ್ಲಿದ್ದೇನೆಂದು ನನಗೇ ಗೊತ್ತಿರಲಿಲ್ಲ.